ಕುಂಕುಮ ಇಟ್ಟ ಕಂಪ್ಯೂಟರಿಗೆ ವಿಂಡೋಸ್ 11

ಆಯುಧ ಪೂಜೆಯ ದಿನ ಅಂಗಡಿಯ ಮಿಷನ್‌ಗಳನ್ನೆಲ್ಲ ಒರೆಸಿ, ಕುಂಕುಮ ಇಟ್ಟು, ಚೆಂಡು ಹೂ ಏರಿಸಿ, ಬಾಗಿಲಲ್ಲಿ ಬೂದುಗುಂಬಳ ಒಡೆದು ಮನೆಗೆ ಹೋಗಿದ್ದೆ. ಎರಡು ದಿನ ಬಿಟ್ಟು ಬಂದು ಲ್ಯಾಪ್‌ಟಾಪ್ ತೆಗೆದರೆ ಪರದೆ ತುಂಬ ನೋಟಿಸು. ಅಕ್ಟೋಬರ್ 14, 2025ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯುತ್ತದೆ. ನಿಮ್ಮ ಕಂಪ್ಯೂಟರಿಗೆ ವಿಂಡೋಸ್ 11 ಹಾಕಲು ಅರ್ಹತೆ ಇಲ್ಲ. ಹೊಸದು ತೆಗೆದುಕೊಳ್ಳುವ ಬಗ್ಗೆ ಯೋಚಿಸಿ. ಒಟ್ಟಿನಲ್ಲಿ ಅರ್ಥ ಅದು. ಪರದೆಯ ಮೂಲೆಯಲ್ಲಿ ಕುಂಕುಮದ ಬೊಟ್ಟು ಹಾಗೇ ಇತ್ತು.

ಮಂಡ್ಯದಲ್ಲಿ ಕೋರ್ಟ್ ಹತ್ತಿರ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಹತ್ತಡಿ ಅಗಲ. ಮಧ್ಯೆ ಒಂದು ಟೇಬಲ್, ಹಿಂದೆ ಜೆರಾಕ್ಸ್ ಮಿಷನ್, ಮುಂದೆ ಕಾಯುವವರಿಗೆ ಒಂದು ಬೆಂಚು. 2009ರಿಂದ ಇದೇ ಕೆಲಸ. ಅಫಿಡವಿಟ್, ಕ್ರಯದ ಕರಾರು, ವಿಭಾಗ ಪತ್ರ, ವಂಶವೃಕ್ಷ, ಬಾಡಿಗೆ ಕರಾರು. ಮದುವೆ ಸೀಸನ್ನಿನಲ್ಲಿ ಒಂದಷ್ಟು ಲಗ್ನಪತ್ರಿಕೆ. ಎರಡು ಕಂಪ್ಯೂಟರ್ ಇವೆ. ಒಂದು 2015ರ ಲ್ಯಾಪ್‌ಟಾಪ್, ಇಂಟೆಲ್ ಐ5 ಪ್ರೊಸೆಸರ್, ಐದನೇ ಜನರೇಷನ್. ಇನ್ನೊಂದು, ಅಂಗಡಿ ಶುರು ಮಾಡಿದಾಗ ಜೋಡಿಸಿಕೊಟ್ಟ, ಕೋರ್ 2 ಡ್ಯುಯೋ ಪ್ರೊಸೆಸರಿನ ಡೆಸ್ಕ್‌ಟಾಪ್. ಅದರ ಸಿಪಿಯು ಡಬ್ಬದ ಬಣ್ಣ ಕಪ್ಪೋ ಬೂದಿಯೋ ಈಗ ಯಾರೂ ಹೇಳಲಾರರು.

ಹೊಸ ಲ್ಯಾಪ್‌ಟಾಪ್ ಎಷ್ಟಾಗುತ್ತೆ ಅಂತ ವಿಚಾರಿಸಿದೆ. ನಲವತ್ತು ಸಾವಿರದ ಮೇಲೆ. ಒಂದು ಪುಟ ಟೈಪ್ ಮಾಡಿದರೆ ನನಗೆ ಬರುವುದೆಷ್ಟು ಅಂತ ಲೆಕ್ಕ ಹಾಕಿ, ಸುಮ್ನೆ ಫೋನಿಟ್ಟೆ.

ಇನ್ನೊಂದು ದಾರಿಯೂ ಇತ್ತು. ವಿಂಡೋಸ್ 10ರಲ್ಲೇ ಇರುತ್ತೇನೆ ಅನ್ನುವವರಿಗೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತೇವೆ ಅಂತ ಮೈಕ್ರೋಸಾಫ್ಟ್ ಹೇಳಿತ್ತು. ಮನೆ ಬಳಕೆಯ ಕಂಪ್ಯೂಟರ್ ಇಟ್ಟುಕೊಂಡವರು ಅದನ್ನು ತಗೊಂಡು ಒಂದು ವರ್ಷ ನೆಮ್ಮದಿಯಾಗಿ ಇರಬಹುದಿತ್ತು. ನನ್ನ ಕಷ್ಟ ಬೇರೆ. ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಆಗಲೇ ಕಟಕಟ ಅನ್ನುತ್ತಿತ್ತು. ಹೇಗಿದ್ದರೂ ಬದಲಿಸಬೇಕು. ಬದಲಿಸಿದ ಮೇಲೆ ಹಳೆಯದನ್ನೇ ಯಾಕೆ ಹಾಕಬೇಕು, ಅಲ್ವಾ?

ಅಕ್ಕನ ಮಗ ಇಲ್ಲೇ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನಿಗೆ ಫೋನ್ ಮಾಡಿದೆ.

"ಹಾಕಬೋದು ಚಿಕ್ಕಮ್ಮ. ಅದು ಬರೀ ಚೆಕ್ ಮಾಡ್ತದೆ ಅಷ್ಟೆ. ಚೆಕ್ ತಪ್ಪಿಸಿದ್ರೆ ಆಯ್ತು."

"ಅಂದ್ರೆ ಕಳ್ಳತನ ಏನ್ಲಾ?"

"ಅಯ್ಯೋ, ಕಳ್ಳತನ ಯಾಕಾಯ್ತದೆ? ನಿನ್ ಲೈಸೆನ್ಸ್ ನಿಂದೇ."

ಅದು ನಿಜ. ವಿಂಡೋಸ್ 10ರ ಅಸಲಿ ಲೈಸೆನ್ಸ್ ಇದ್ದ ಲ್ಯಾಪ್‌ಟಾಪಿನಲ್ಲಿ ಅದೇ ಎಡಿಷನ್ನಿನ ವಿಂಡೋಸ್ 11 ಹಾಕಿದರೆ ತಾನಾಗಿ ಆಕ್ಟಿವೇಟ್ ಆಗುತ್ತದೆ. ಲೈಸೆನ್ಸಿನ ಪ್ರಾಡಕ್ಟ್ ಕೀ ಕೇಳಿದಾಗ 'ಇಲ್ಲ' ಅಂತ ಒತ್ತಿ ಮುಂದೆ ಹೋದರಾಯಿತು.

ಎರಡನೇ ಶನಿವಾರ, ಮಾರನೇ ದಿನ ಭಾನುವಾರ. ಕೋರ್ಟಿಗೆ ರಜೆ, ನನಗೂ ಗಿರಾಕಿ ಇಲ್ಲ. ಅಕ್ಟೋಬರ್ 11ರ ಬೆಳಿಗ್ಗೆ ಅವನು ಬಂದ. 256 ಜಿಬಿಯ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಜಾಗಕ್ಕೆ ಹಾಕುವ, ಅದಕ್ಕಿಂತ ವೇಗದ ಡಿಸ್ಕ್), 4 ಜಿಬಿಯ ಒಂದು ಹಳೆ ರ‍್ಯಾಮ್, 16 ಜಿಬಿ ಪೆನ್‌ಡ್ರೈವ್. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಬೇಸಿಗೆಯಲ್ಲೇ ಇಳಿಸಿಟ್ಟುಕೊಂಡಿದ್ದನಂತೆ.

ಲ್ಯಾಪ್‌ಟಾಪ್ ಬೋರಲು ಹಾಕಿ ಸ್ಕ್ರೂ ಬಿಚ್ಚಿದೆವು. ಒಳಗೆ ಹತ್ತು ವರ್ಷದ ಧೂಳು, ಜೊತೆಗೆ ಒಂದು ಸ್ಟೇಪ್ಲರ್ ಪಿನ್. ಆ ಪಿನ್ ಅಲ್ಲಿಗೆ ಹೇಗೆ ಹೋಯಿತೋ ದೇವರೇ ಬಲ್ಲ. ಹಳೆ ಹಾರ್ಡ್‌ಡಿಸ್ಕ್ ತೆಗೆದು ಲಕೋಟೆಗೆ ಹಾಕಿ, ಮಾರ್ಕರಿನಲ್ಲಿ "ಹಳೇದು, ಅಳಿಸಬೇಡಿ" ಅಂತ ಬರೆದು, ಕುಂಕುಮದ ಪೊಟ್ಟಣ ಇರುವ ಡ್ರಾಯರಿನಲ್ಲಿಟ್ಟೆ. ಇಂಥ ಸಾಹಸ ಮಾಡುವವರಿಗೆ ನಾನು ಹೇಳುವುದು ಇದೊಂದೇ. ಇರುವ ಡಿಸ್ಕಿನ ಮೇಲೆ ಪ್ರಯೋಗ ಮಾಡಬೇಡಿ. ಹೊಸ ಡಿಸ್ಕ್ ಹಾಕಿ, ಹಳೆಯದನ್ನು ಎತ್ತಿಡಿ. ಏನೇ ಎಡವಟ್ಟಾದರೂ ನಾಲ್ಕು ಸ್ಕ್ರೂ ಬಿಚ್ಚಿ ವಾಪಸ್ ಹಾಕಿದರೆ ಸೋಮವಾರ ಅಂಗಡಿ ನಡೆಯುತ್ತೆ.

ಪೆನ್‌ಡ್ರೈವ್ ಹಾಕಿ ಶುರು ಮಾಡಿದೆವು. ಭಾಷೆ ಕೇಳಿತು, ಕೀಬೋರ್ಡ್ ಕೇಳಿತು. ಆಮೇಲೆ ಕಡ್ಡಿ ತುಂಡು ಮಾಡಿದ ಹಾಗೆ ಒಂದೇ ಮಾತು: ಈ ಪಿಸಿಯಲ್ಲಿ ವಿಂಡೋಸ್ 11 ಓಡಿಸಲಾಗದು.

ಯಾಕೆ ಆಗದು? ಮೈಕ್ರೋಸಾಫ್ಟ್ 2021ರಲ್ಲಿ ವಿಂಡೋಸ್ 11 ಬಿಟ್ಟಾಗ ಹಾಕಿದ ಷರತ್ತುಗಳು ಅವು. 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಯುಇಎಫ್‌ಐ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ), ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕೆಯ ಪ್ರೋಗ್ರಾಂ ಮಾತ್ರ ಒಳಗೆ ಬಿಡುವ ಕಾವಲು), ಟಿಪಿಎಂ 2.0. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಮ್ಮಿ ಎಂಟನೇ ಜನರೇಷನ್ನಿಂದ ಈಚೆಯದು. ಟಿಪಿಎಂ ಅಂದರೆ ಗುಪ್ತ ಕೀಲಿಗಳನ್ನು ಬಚ್ಚಿಡುವ ಒಂದು ಪುಟ್ಟ ಚಿಪ್ಪು. ಡಿಸ್ಕಿಗೆ ಬೀಗ ಹಾಕಿದರೆ ಬೀಗದ ಕೈ ಅದರೊಳಗೆ. ಕಳ್ಳ ಡಿಸ್ಕ್ ಬಿಚ್ಚಿಕೊಂಡು ಹೋದರೂ ಕೀಲಿ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತೆ. ಒಳ್ಳೆಯದೇ. ಅದಿಲ್ಲದಿದ್ದರೆ ಅಫಿಡವಿಟ್ ಟೈಪ್ ಆಗಲ್ಲ ಅಂತೇನೂ ಇಲ್ಲ.

"ಈಗ ಶಿಫ್ಟ್, ಎಫ್10 ಒತ್ತು" ಅಂದ.

ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಪರದೆಯ ಬೆಳಕು ಜಾಸ್ತಿಯಾಯಿತು. ಆ ಕೀಲಿಗೆ ಲ್ಯಾಪ್‌ಟಾಪಿನವರು ಬೇರೆ ಕೆಲಸ ಕೊಟ್ಟುಬಿಟ್ಟಿದ್ದಾರೆ. ಹೊರಗಿನ ಕೀಬೋರ್ಡ್ ಚುಚ್ಚಿ ಒತ್ತಿದ ಮೇಲೆ ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ ತೆರೆಯಿತು. ನನ್ನ ಹತ್ತಿರ ಹೊರಗಿನ ಕೀಬೋರ್ಡ್ ಯಾವಾಗಲೂ ಇರುತ್ತದೆ. ನುಡಿ ಅನ್ನೋ ಕನ್ನಡ ಟೈಪಿಂಗ್ ಪ್ರೋಗ್ರಾಂನಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಓಡಾಡಲು ಸ್ಕ್ರಾಲ್ ಲಾಕ್ ಬೇಕು, ನನ್ನ ಲ್ಯಾಪ್‌ಟಾಪಿನಲ್ಲಿ ಆ ಕೀಲಿಯೇ ಇಲ್ಲ.

ಕಪ್ಪು ಕಿಟಕಿಯಲ್ಲಿ ರೆಜ್‌ಎಡಿಟ್ ಅಂತ ಟೈಪ್ ಮಾಡಿದರೆ ವಿಂಡೋಸಿನ ಒಳಗಿನ ಸೆಟ್ಟಿಂಗ್ಸ್ ಎಲ್ಲ ಇರುವ ರಿಜಿಸ್ಟ್ರಿ ತೆರೆಯುತ್ತದೆ. ಅದರಲ್ಲಿ ಸಿಸ್ಟಂ, ಅದರೊಳಗೆ ಸೆಟಪ್. ಅಲ್ಲಿ ಲ್ಯಾಬ್‌ಕಾನ್ಫಿಗ್ ಅಂತ ಹೊಸ ಕೀ ಮಾಡಬೇಕು. ಅದರೊಳಗೆ ಬೈಪಾಸ್‌ಟಿಪಿಎಂಚೆಕ್, ಬೈಪಾಸ್‌ಸೆಕ್ಯೂರ್‌ಬೂಟ್‌ಚೆಕ್ ಅಂತ ಎರಡು ಸಾಲು, ಎರಡಕ್ಕೂ ಬೆಲೆ 1. ಇಷ್ಟೇ. ಕಿಟಕಿ ಮುಚ್ಚಿ ಒಂದು ಹೆಜ್ಜೆ ಹಿಂದೆ ಹೋಗಿ ಮುಂದೆ ಬಂದರೆ, ಆಗಲ್ಲ ಅಂದಿದ್ದೇ ಇನ್‌ಸ್ಟಾಲರ್ ಯಾವ ಡಿಸ್ಕಿಗೆ ಹಾಕಲಿ ಅಂತ ವಿನಯವಾಗಿ ಕೇಳಿತು. ರೂಫಸ್ ಅನ್ನೋ ಪುಟ್ಟ ಪ್ರೋಗ್ರಾಂನಲ್ಲಿ ಪೆನ್‌ಡ್ರೈವ್ ಮಾಡುವಾಗಲೇ ಟಿಕ್ ಹಾಕಿದರೆ ಇದೆಲ್ಲ ಬೇಕಾಗಲ್ಲವಂತೆ. "ಮೊದಲೇ ಯಾಕೆ ಹಾಗೆ ಮಾಡಲಿಲ್ಲ?" ಅಂತ ಕೇಳಿದೆ. "ನಿಂಗೆ ತೋರ್ಸೋಣ ಅಂತ" ಅಂದ. ಹುಡುಗರು!

ಮೈಕ್ರೋಸಾಫ್ಟಿನ ಪುಟದಲ್ಲಿ ಇದಕ್ಕೊಂದು ಎಚ್ಚರಿಕೆಯೂ ಇದೆ. ಷರತ್ತು ಪೂರೈಸದ ಯಂತ್ರದಲ್ಲಿ ಹಾಕಿಕೊಂಡರೆ ಸಪೋರ್ಟ್ ಇಲ್ಲ, ಅಪ್‌ಡೇಟ್ ಬರುತ್ತದೆಂಬ ಖಾತರಿ ಇಲ್ಲ, ಹೊಂದಾಣಿಕೆ ಇಲ್ಲದೆ ಯಂತ್ರ ಹಾಳಾದರೆ ಅದು ವಾರಂಟಿಗೆ ಸೇರುವುದಿಲ್ಲ. ಓದಿ ನಗು ಬಂತು. ದಿನಾ ನಾನು ಟೈಪ್ ಮಾಡುವುದೂ ಇದನ್ನೇ: 'ಮುಂದೆ ಉಂಟಾಗುವ ಸಕಲ ತೊಂದರೆ ತಕರಾರುಗಳಿಗೆ ನಾನೇ ಜವಾಬ್ದಾರನಾಗಿರುತ್ತೇನೆ.'

ಫೈಲುಗಳು ನಕಲಾಗುತ್ತಿದ್ದವು. ನೂರಕ್ಕೆ ಅರವತ್ತು ದಾಟಿರಬೇಕು. ಆಗ ಫ್ಯಾನ್ ನಿಧಾನವಾಯಿತು. ಕರೆಂಟ್ ಹೋಯಿತು.

ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಮೂರು ವರ್ಷ. ಅದೃಷ್ಟಕ್ಕೆ ಚಾರ್ಜರನ್ನು ಯುಪಿಎಸ್‌ಗೆ ಚುಚ್ಚಿದ್ದೆ. ಆದರೆ ಅದೇ ಯುಪಿಎಸ್‌ನಲ್ಲಿ ಡೆಸ್ಕ್‌ಟಾಪೂ ಇತ್ತು, ಅದರ ಮಾನಿಟರೂ ಇತ್ತು. ಯುಪಿಎಸ್ ಕೀ ಕೀ ಅಂತ ಕಿರುಚತೊಡಗಿತು. "ಅದನ್ನ ಕಿತ್ತಾಕು!" ಅಂತ ಅವನು ಕೂಗಿದ. ಟೇಬಲ್ ಕೆಳಗೆ ನುಗ್ಗಿ ಮಾನಿಟರ್, ಡೆಸ್ಕ್‌ಟಾಪ್ ಎರಡರ ಪಿನ್ನೂ ಎಳೆದೆ. ತಲೆ ಟೇಬಲ್ಲಿಗೆ ಬಡಿಯಿತು. ಕತ್ತಲಲ್ಲಿ ಇಬ್ಬರೂ ಪರದೆ ನೋಡಿಕೊಂಡು ಕೂತೆವು. ಎಪ್ಪತ್ತು. ಎಪ್ಪತ್ತೆರಡು. ಎಸ್‌ಎಸ್‌ಡಿ ಆಗಿದ್ದಕ್ಕೆ ಬೇಗ ಮುಗಿಯಿತು. ಹಳೆ ಹಾರ್ಡ್‌ಡಿಸ್ಕಿಗೆ ಹಾಕಲು ಹೋಗಿದ್ದರೆ ಯುಪಿಎಸ್ ಅಲ್ಲಿಯವರೆಗೆ ತಡೆಯುತ್ತಿರಲಿಲ್ಲ.

ಮುಂದಿನದು ಸಣ್ಣಪುಟ್ಟ ಕಾಟ. ಮೊದಲ ಸಲ ಆನ್ ಆದಾಗ ಇಂಟರ್ನೆಟ್ ಇಲ್ಲದೆ ಮುಂದಕ್ಕೇ ಬಿಡಲ್ಲ, ವೈಫೈ ಓಡಿಸುವ ಪ್ರೋಗ್ರಾಂ, ಅಂದರೆ ಡ್ರೈವರ್, ಇರಲಿಲ್ಲ. ಫೋನನ್ನು ಕೇಬಲ್ಲಿನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಹಾಕಿ ಫೋನಿನ ಇಂಟರ್ನೆಟ್ ಕೊಟ್ಟ ಮೇಲೆ ಸರಿಹೋಯಿತು. ವೈಫೈಗೂ ಟಚ್‌ಪ್ಯಾಡಿಗೂ ವಿಂಡೋಸ್ 10ರ ಡ್ರೈವರೇ ಸಾಕಾಯಿತು. ಪ್ರಿಂಟರಿಗೂ ಅಷ್ಟೆ, ಆದರೆ 64 ಬಿಟ್‌ನದು ಬೇಕು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಆನ್ ಮಾಡಿ ಟೀ ಕುಡಿದು ಬರುವಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದ ಲ್ಯಾಪ್‌ಟಾಪ್ ಈಗ ನಾನು ಕುರ್ಚಿ ಎಳೆದು ಕೂರುವುದರೊಳಗೆ ಸಿದ್ಧ. ಇದು ವಿಂಡೋಸ್ 11ರ ಮಹಿಮೆ ಅಲ್ಲ, ಎಸ್‌ಎಸ್‌ಡಿಯ ಮಹಿಮೆ.

ಗೆದ್ದೆ ಅಂದುಕೊಂಡೆ. ಸೋಮವಾರ ಗೊತ್ತಾಯಿತು.

ನನ್ನ ಫೈಲುಗಳು ಎರಡು ಥರ. ಹಳೆಯವು ನುಡಿ 01 ಇ ಫಾಂಟಿನಲ್ಲಿವೆ. ನುಡಿ ಹಾಕಿದ ಕೂಡಲೇ ಅವು ಮೊದಲಿನ ಹಾಗೇ ತೆರೆದುಕೊಂಡವು. ಆಮೇಲಿನವು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ), ತುಂಗಾ ಫಾಂಟ್. ಸೋಮವಾರ ಹನ್ನೊಂದಕ್ಕೆ ವಕೀಲರೊಬ್ಬರು ಬಂದರು. ಕಳೆದ ತಿಂಗಳು ಮಾಡಿದ ಕರಾರಿನಲ್ಲಿ ಹೆಸರು, ಚಕ್ಕುಬಂದಿ ಬದಲಿಸಿ ಕೊಡಬೇಕಿತ್ತು. ಐದು ನಿಮಿಷದ ಕೆಲಸ. ಬದಲಿಸಿ, ಲೆಡ್ಜರ್ ಪೇಪರ್ ಹಾಕಿ ಪ್ರಿಂಟ್ ಕೊಟ್ಟೆ. ಅವರು ಎಣಿಸಿದರು.

"ಏನಮ್ಮಾ, ಮೂರು ಪುಟ ಇದ್ದದ್ದು ನಾಲ್ಕು ಆಗಿದೆ?"

ನೋಡಿದೆ. ನಾಲ್ಕನೇ ಪುಟದಲ್ಲಿ ಬರೀ ಸಹಿ ಮತ್ತು ಸಾಕ್ಷಿದಾರರ ಸಾಲುಗಳು. ಮೇಲೆ ಒಂದಕ್ಷರ ಒಕ್ಕಣೆ ಇಲ್ಲ. ಈ ಕೆಲಸ ಗೊತ್ತಿದ್ದವರಿಗೆ ಅದು ಎಂಥ ಅಪಶಕುನ ಅಂತ ಗೊತ್ತು. ಬರೀ ಸಹಿ ಇರುವ ಹಾಳೆಯನ್ನು ನಾಳೆ ಯಾವ ಒಕ್ಕಣೆಯ ಹಿಂದೆ ಬೇಕಾದರೂ ಪಿನ್ ಹೊಡೆಯಬಹುದು.

"ಸಾರ್, ಐದು ನಿಮಿಷ ಕೂತ್ಕೊಳಿ."

ಅದು ಐದು ನಿಮಿಷ ಆಗಲಿಲ್ಲ. ಅಕ್ಕನ ಮಗ ಕ್ಲಾಸಿನಲ್ಲಿದ್ದ, ಫೋನ್ ಎತ್ತಲಿಲ್ಲ. ಕಡೆಗೆ ನಾನೇ ಹುಡುಕಿದೆ. ವಿಂಡೋಸ್ ಹೊಸದಾಗಿ ಹಾಕಿದರೆ ತುಂಗಾ ಅದರ ಜೊತೆಗೇ ಬರುವುದಿಲ್ಲ. ಕನ್ನಡಕ್ಕೆ ನಿರ್ಮಲಾ ಯುಐ ಅನ್ನೋ ಫಾಂಟ್ ಇರುತ್ತದೆ. ತುಂಗಾ ಬೇಕಾದರೆ ಸೆಟ್ಟಿಂಗ್ಸ್ ಒಳಗೆ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿಕೊಳ್ಳಬೇಕು. ತುಂಗಾ ಇಲ್ಲದ ಕಡೆ ವರ್ಡ್ ಬೇರೆ ಫಾಂಟ್ ಹಾಕಿ ತೋರಿಸಿದೆ. ಅಕ್ಷರದ ಅಳತೆ ಬೇರೆ, ಸಾಲಿನ ಎತ್ತರ ಬೇರೆ. ಹಾಗಾಗಿ ಸಹಿ ಜಾರಿ ಕೆಳಗೆ ಬಿತ್ತು. ಸೇರಿಸಿ ಮತ್ತೆ ತೆರೆದೆ, ಮೂರು ಪುಟ. ವಕೀಲರು ಅಷ್ಟು ಹೊತ್ತೂ ಬೆಂಚಿನ ಮೇಲೆ ಪೇಪರ್ ಓದುತ್ತ ಕೂತಿದ್ದರು. ಹಾಳಾದ ನಾಲ್ಕು ಲೆಡ್ಜರ್ ಹಾಳೆಗೆ ಅವರ ಹತ್ತಿರ ದುಡ್ಡು ತಗೊಳ್ಳಲಿಲ್ಲ.

ಟಿಪಿಎಂ, ಸೆಕ್ಯೂರ್ ಬೂಟ್ ಅಂತ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಕಾಲೆಳೆದದ್ದು ಒಂದು ಫಾಂಟ್.

ಇನ್ನು ಡೆಸ್ಕ್‌ಟಾಪ್. ಅದಕ್ಕೂ ಭಾನುವಾರವೇ ಕೈ ಹಾಕಿದ್ದೆವು. ಈ ಸಲ ರೂಫಸ್‌ನಲ್ಲೇ ಎಲ್ಲ ಟಿಕ್ ಹಾಕಿ ಪೆನ್‌ಡ್ರೈವ್ ಮಾಡಿದ. ಹಾಕಿದೆವು. ವಿಂಡೋಸಿನ ಚಿತ್ರ ಬಂತು, ಪರದೆ ಕಪ್ಪಾಯಿತು, ಮತ್ತೆ ಮೊದಲಿನಿಂದ ಶುರು. ಮತ್ತೆ ಚಿತ್ರ, ಮತ್ತೆ ಕಪ್ಪು. ಆಗಲ್ಲ ಅಂತಲೂ ಹೇಳುವುದಿಲ್ಲ, ಯಾಕೆ ಅಂತಲೂ ಹೇಳುವುದಿಲ್ಲ. ಪೆನ್‌ಡ್ರೈವ್ ಬದಲಿಸಿದೆವು, ರ‍್ಯಾಮ್ ಬಿಚ್ಚಿ ರಬ್ಬರಿನಲ್ಲಿ ಉಜ್ಜಿ ಹಾಕಿದೆವು. ಅದೇ ಕಥೆ. ಅವನು ಫೋನಿನಲ್ಲಿ ಅರ್ಧ ಗಂಟೆ ಓದಿ, ತಲೆ ಎತ್ತಿ, "ಇದಕ್ಕೆ ಎಣಿಸೋಕ್ ಬರಲ್ಲ ಚಿಕ್ಕಮ್ಮ" ಅಂದ.

ತಮಾಷೆ ಅಂದುಕೊಂಡೆ. ನಿಜವಾಗಿಯೂ ಅಷ್ಟೇ. ಪ್ರೊಸೆಸರಿಗೆ ಹುಟ್ಟಿನಿಂದಲೇ ಕೆಲವು ಆದೇಶಗಳು ಗೊತ್ತಿರುತ್ತವೆ. ಅದರಲ್ಲಿ ಪಾಪ್‌ಕೌಂಟ್ ಅಂತ ಒಂದು. ಒಂದು ಸಂಖ್ಯೆಯನ್ನು ಸೊನ್ನೆ ಒಂದುಗಳಲ್ಲಿ ಬರೆದಾಗ ಒಂದುಗಳು ಎಷ್ಟಿವೆ ಅಂತ ಒಂದೇ ಏಟಿಗೆ ಎಣಿಸಿ ಹೇಳುವ ಆದೇಶ. ಇಂಟೆಲ್‌ನಲ್ಲಿ ಅದು ಬಂದದ್ದು 2008ರ ಕೊನೆಗೆ, ಮೊದಲ ಜನರೇಷನ್ ಐ7 ಜೊತೆ. ನನ್ನದು ಜೋಡಿಸಿದ್ದು 2009ರಲ್ಲೇ ಆದರೂ ಪ್ರೊಸೆಸರ್ ಅದಕ್ಕಿಂತ ಹಿಂದಿನ ಪೀಳಿಗೆಯದು. 23ಎಚ್2ವರೆಗಿನ ವಿಂಡೋಸ್ 11 ಈ ಆದೇಶ ಇಲ್ಲದೆಯೂ ಓಡುತ್ತಿತ್ತು. 24ಎಚ್2ನಿಂದ ಅದು ಬೇಕೇ ಬೇಕು. ಇಲ್ಲದಿದ್ದರೆ ಶುರುವಿನಲ್ಲೇ ಬಿದ್ದುಹೋಗುತ್ತದೆ. 23ಎಚ್2 ಹಾಕೋಣವೆಂದರೆ, ಹೋಮ್ ಮತ್ತು ಪ್ರೋ ಎಡಿಷನ್ನಿಗೆ ಅದರ ಸಪೋರ್ಟೂ ನವೆಂಬರ್ 11ಕ್ಕೆ ಮುಗಿಯುವುದಿತ್ತು. ಒಂದು ತಿಂಗಳ ಸಂಸಾರಕ್ಕೆ ಯಾಕೆ ಮದುವೆ?

ಎರಡೂ ಕಂಪ್ಯೂಟರಿಗೆ ಬಂದ ಉತ್ತರ 'ಇಲ್ಲ' ಅಂತಲೇ. ಆದರೆ ಎರಡು ಬೇರೆ ಬೇರೆ ಇಲ್ಲ. ಲ್ಯಾಪ್‌ಟಾಪಿನದು, ಆಫೀಸಿನಲ್ಲಿ "ಇವತ್ತಾಗಲ್ಲ, ನಾಳೆ ಬನ್ನಿ" ಅನ್ನುವಂಥದ್ದು. ಯಾರೋ ಒಬ್ಬರು ಗೆರೆ ಎಳೆದಿದ್ದಾರೆ, ಬಾಗಿಲಲ್ಲಿ ಒಬ್ಬ ಪಟ್ಟಿ ಹಿಡಿದು ನಿಂತಿದ್ದಾನೆ. ಅವನು ಆ ಕಡೆ ತಿರುಗಿದರೆ ಒಳಗೆ ಹೋಗಬಹುದು. ಡೆಸ್ಕ್‌ಟಾಪಿನದು, ಪಹಣಿಯಲ್ಲಿ ಸರ್ವೆ ನಂಬರೇ ಇಲ್ಲದಂಥದ್ದು. ಯಾರನ್ನು ಹಿಡಿದರೂ, ಎಷ್ಟು ಸಲ ಅಲೆದರೂ ಜಮೀನು ಹುಟ್ಟುವುದಿಲ್ಲ.

ಡೆಸ್ಕ್‌ಟಾಪಿಗೆ ಕೊನೆಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿದೆವು. 22ನೇ ಆವೃತ್ತಿಯ ಎಕ್ಸ್‌ಎಫ್‌ಸಿಇ, ಹಗುರ ಇರುವುದು. 2029ರವರೆಗೆ ಅಪ್‌ಡೇಟ್ ಬರುತ್ತದೆ. ಟಿಪಿಎಂ ಕೇಳಲಿಲ್ಲ, ಎಣಿಸಲೂ ಹೇಳಲಿಲ್ಲ. ನನಗೆ ಭಯ ಇದ್ದದ್ದು ಕನ್ನಡ ಟೈಪಿಂಗಿಗೆ. ನನ್ನ ಬೆರಳಿಗೆ ಗೊತ್ತಿರುವುದು ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆ ಒಂದೇ. ಅದು ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ಅನ್ನೋ ಹೆಸರಲ್ಲೇ ಇತ್ತು! ಆರಿಸಿ 'ಮಂಡ್ಯ ಜಿಲ್ಲೆ, ಮಂಡ್ಯ ತಾಲ್ಲೂಕು' ಅಂತ ಹೊಡೆದೆ. ಹಾಗೇ ಬಂತು. ಅಲ್ಲಿ ಬರುವುದು ಯೂನಿಕೋಡ್. ನುಡಿ ಫಾಂಟಿನ ಫೈಲನ್ನು ನಕಲು ಮಾಡಿ ಹಾಕಿದರೆ ಹಳೆ ಪತ್ರಗಳನ್ನೂ ತೆರೆದು ಓದಬಹುದು, ಪ್ರಿಂಟ್ ತೆಗೆಯಬಹುದು.

ಒಂದು ವಂಶವೃಕ್ಷ ಮಾತ್ರ ಎಡವಟ್ಟಾಯಿತು. ಹತ್ತು ವರ್ಷದ ಹಿಂದಿನ ಫೈಲು. ಆಗ ನಾನು ಟೇಬಲ್ ಹಾಕುವ ಬದಲು ಗೆರೆಗಳನ್ನು ಕೈಯಲ್ಲೇ ಎಳೆದು ಹೆಸರುಗಳ ಕೆಳಗೆ ಕೂರಿಸಿದ್ದೆ. ತಪ್ಪು ನನ್ನದೇ. ಮಿಂಟ್‌ನಲ್ಲಿ ತೆರೆದಾಗ ಗೆರೆಗಳೆಲ್ಲ ಒಂದಿಂಚು ಪಕ್ಕಕ್ಕೆ ಸರಿದಿದ್ದವು. ಅಜ್ಜನ ಎರಡನೇ ಮಗ ದೊಡ್ಡ ಸೊಸೆಯ ಕೆಳಗೆ ಬಂದಿದ್ದ. ಇದನ್ನು ಪ್ರಿಂಟ್ ಹಾಕಿ ಕೊಟ್ಟಿದ್ದರೆ ಆ ಮನೆಯಲ್ಲಿ ಇನ್ನೊಂದು ಕೇಸು ಗ್ಯಾರಂಟಿ. ಈಗ ಡೆಸ್ಕ್‌ಟಾಪಿಗೆ ಬಾಡಿಗೆ ಕರಾರು, ಅರ್ಜಿ, ಆನ್‌ಲೈನ್ ಫಾರಂ ಕೆಲಸ ಮಾತ್ರ ಕೊಡುತ್ತೇನೆ. ವಂಶವೃಕ್ಷ, ಕ್ರಯದ ಕರಾರು ಎಲ್ಲ ಲ್ಯಾಪ್‌ಟಾಪಿನಲ್ಲೇ.

ಲ್ಯಾಪ್‌ಟಾಪಿಗೆ ತಿಂಗಳ ಸೆಕ್ಯುರಿಟಿ ಅಪ್‌ಡೇಟ್ ಸದ್ಯಕ್ಕೆ ತಾನಾಗಿ ಬರುತ್ತಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ಮಾತ್ರ ಇಂಥ ಯಂತ್ರಗಳಿಗೆ ಹಾಗೆ ಬರುವುದಿಲ್ಲವಂತೆ, ಪ್ರತಿ ಸಲ ಕೂತು ಕೈಯಾರೆ ಹಾಕಬೇಕು. ಅದಕ್ಕೇ ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಟೈಪ್ ಮಾಡಿ, ಲ್ಯಾಮಿನೇಷನ್ ಮಾಡಿಸಿ, ಟೇಬಲ್ ಹಿಂದಿನ ಗೋಡೆಗೆ ಅಂಟಿಸಿದ್ದೇನೆ. ಮೊದಲ ಸಾಲು: ಯುಪಿಎಸ್‌ಗೆ ಲ್ಯಾಪ್‌ಟಾಪ್ ಒಂದನ್ನೇ ಚುಚ್ಚುವುದು. ಎರಡನೇ ಸಾಲು: ತುಂಗಾ.

ಮೊನ್ನೆ ಪಕ್ಕದ ರಸ್ತೆಯ ಸ್ಟುಡಿಯೋದವರು ಗೋಡೆ ನೋಡಿ, "ಅಕ್ಕಾ, ನಂದೂ ಒಂದದೆ, ಹಾಕ್ಕೊಡ್ತೀರಾ?" ಅಂದರು. ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ ಎಂಎಸ್‌ಇನ್ಫೋ32 ಅಂತ ಹೊಡೆದು, ಪ್ರೊಸೆಸರ್ ಅನ್ನೋ ಸಾಲನ್ನು ಫೋಟೋ ತೆಗೆದು ಕಳಿಸಿ ಅಂದೆ. ಸಂಜೆ ಫೋಟೋ ಬಂತು. ಐ3, ನಾಲ್ಕನೇ ಜನರೇಷನ್. ಎಣಿಸೋಕೆ ಬರುತ್ತೆ. ಮುಂದಿನ ಎರಡನೇ ಶನಿವಾರ ತನ್ನಿ, ಬರುವಾಗ ಒಂದು ಎಸ್‌ಎಸ್‌ಡಿ ತಗೊಂಡು ಬನ್ನಿ ಅಂತ ಹೇಳಿದ್ದೇನೆ.